ಕೆಂಪು ಮೂಗು ತೊಟ್ಟು ಮಕ್ಕಳ ವಾರ್ಡಿಗೆ ಹೋಗುವ ಮುನ್ನ

ಆಸ್ಪತ್ರೆಯಲ್ಲಿ ಮಲಗಿರುವ ಮಗುವಿನ ಮಾತು ನಡೆಯುವುದಿಲ್ಲ. ಬೇಡವೆಂದರೂ ಸೂಜಿ ಚುಚ್ಚುತ್ತಾರೆ, ನಿದ್ದೆ ಹತ್ತಿದಾಗ ಎಬ್ಬಿಸಿ ಜ್ವರ ನೋಡುತ್ತಾರೆ. ಅಂಥ ಮಗು ‘ಹೋಗು ಆಚೆ’ ಎಂದರೆ ಮರುಮಾತಿಲ್ಲದೆ ಹೋಗುವ ದೊಡ್ಡವರು ಯಾರಾದರೂ ಇದ್ದರೆ ಅದು ವಿದೂಷಕ ಮಾತ್ರ. ವಿದೂಷಕರ ವೇಷದಲ್ಲಿ ಆಸ್ಪತ್ರೆಯ ಮಕ್ಕಳನ್ನು ನೋಡಲು ಹೋಗುವ ಸೇವೆಗೆ ಇಳಿಯುವವರು ಮೊದಲು ತಿಳಿಯಬೇಕಾದದ್ದು ಇದನ್ನೇ. ನಗಿಸುವುದು ಆಮೇಲಿನ ವಿಷಯ.

ನ್ಯೂಯಾರ್ಕಿನ ಬಿಗ್ ಆ್ಯಪಲ್ ಸರ್ಕಸ್‌ನ ಮೈಕಲ್ ಕ್ರಿಸ್ಟೆನ್ಸನ್ 1986ರಲ್ಲಿ ಜೋಕರ್‌ಗಳನ್ನು ಮಕ್ಕಳ ಆಸ್ಪತ್ರೆಗೆ ಕರೆದೊಯ್ಯುವ ಪದ್ಧತಿ ಆರಂಭಿಸಿದರು. ಬಿಳಿ ಕೋಟು ತೊಟ್ಟು ವೈದ್ಯರನ್ನೇ ಅಣಕಿಸುವುದು ಅವರ ವರಸೆಯಾಗಿತ್ತು. ಇಂದು ಅನೇಕ ದೇಶಗಳಲ್ಲಿ ಸಂಬಳ ಪಡೆಯುವ ಕಲಾವಿದರೂ ಸ್ವಯಂಸೇವಕರೂ ಈ ಕೆಲಸ ಮಾಡುತ್ತಿದ್ದಾರೆ.

<b>ತಯಾರಿ</b>

ಹುಮ್ಮಸ್ಸು ಬಂತೆಂದು ನೇರವಾಗಿ ವಾರ್ಡಿಗೆ ನುಗ್ಗುವಂತಿಲ್ಲ. ಆಸ್ಪತ್ರೆಯ ಲಿಖಿತ ಅನುಮತಿ ಪಡೆಯಿರಿ, ದಡಾರ ಮತ್ತು ಸೀತಾಳೆ ಸಿಡುಬಿನ ಲಸಿಕೆ ಆಗಿದೆಯೇ ನೋಡಿಕೊಳ್ಳಿ, ಅನುಭವಿ ತಂಡದೊಂದಿಗೆ ಕೆಲಕಾಲ ಓಡಾಡಿ ಕಲಿಯಿರಿ. ನೆಗಡಿ ಇದ್ದ ದಿನ ಮನೆಯಲ್ಲೇ ಇರಿ. ನಿಮಗೆ ಸಣ್ಣದೆನಿಸುವ ಸೋಂಕು ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗುವಿನ ಜೀವಕ್ಕೇ ಕುತ್ತಾಗಬಹುದು.

ಮುಖಕ್ಕೆಲ್ಲ ಬಿಳಿ ಬಣ್ಣ ಬಳಿಯುವುದು ಬೇಡ. ಸರ್ಕಸ್ಸಿನಲ್ಲಿ ದೂರದಿಂದ ನೋಡುವವರಿಗೆ ಅದು ಚೆಂದ, ಹಾಸಿಗೆಯ ಪಕ್ಕದಲ್ಲಿ ಮಕ್ಕಳನ್ನು ಹೆದರಿಸುತ್ತದೆ. ಒಂದು ಕೆಂಪು ಮೂಗು, ಅಳತೆ ತಪ್ಪಿದ ಕೋಟು, ತೊಳೆಯಲು ಬರುವ ಬೂಟು ಸಾಕು. ತೋಳು ಮೊಣಕೈವರೆಗೆ ಬರಿದಾಗಿರಲಿ. ಉಂಗುರ, ಕೈಗಡಿಯಾರ ಕಳಚಿಡಿ. ರಬ್ಬರ್ ಬಲೂನು ಒಯ್ಯಬೇಡಿ. ಲೇಟೆಕ್ಸ್ ಅಲರ್ಜಿ ಇರುವ ಮಕ್ಕಳಿರುತ್ತಾರೆ, ಒಡೆದ ಚೂರು ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವೂ ಉಂಟು.

<b>ವಾರ್ಡಿನಲ್ಲಿ</b>

ವೇಷ ತೊಡುವ ಮೊದಲು ನರ್ಸ್ ಬಳಿ ಹತ್ತು ನಿಮಿಷ ಕುಳಿತುಕೊಳ್ಳಿ. ಯಾರು ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ, ಯಾರಿಗೆ ಶಸ್ತ್ರಚಿಕಿತ್ಸೆ ಆಗಿದೆ ಎಂದು ಕೇಳಿ. ಹೊಟ್ಟೆಗೆ ಹೊಸದಾಗಿ ಹೊಲಿಗೆ ಬಿದ್ದ ಮಗುವನ್ನು ಬಿದ್ದು ಬಿದ್ದು ನಗಿಸಿದರೆ ಅದಕ್ಕೆ ನೋವೇ ಹೆಚ್ಚು. ಅಲ್ಲಿ ಬೇಕಿರುವುದು ಸಣ್ಣ ಮುಗುಳ್ನಗೆ. ಕಾಯಿಲೆಯ ಹೆಸರು ಕೆದಕುವ ಅಗತ್ಯವಿಲ್ಲ.

ಪ್ರತಿ ಮಗುವಿನ ಬಳಿ ಹೋಗುವ ಮುನ್ನ, ಬಂದ ಮೇಲೆ, ಸ್ಯಾನಿಟೈಸರ್‌ನಿಂದ ಇಪ್ಪತ್ತು ಮೂವತ್ತು ಸೆಕೆಂಡು ಕೈ ಉಜ್ಜಿಕೊಳ್ಳಿ. ಅದನ್ನೇ ಆಟವಾಗಿಸಬಹುದು.

ಬಾಗಿಲಲ್ಲಿ ನಿಲ್ಲಿ. ಇಡೀ ಕಲೆ ಇರುವುದು ಇಲ್ಲಿಯೇ. ಮಗು ನಿಮ್ಮತ್ತ ನೋಡುತ್ತಿದೆಯೇ, ಅಮ್ಮನ ಸೆರಗಿಗೆ ಮುಖ ಒತ್ತಿಕೊಂಡಿದೆಯೇ? ‘ಒಳಗೆ ಬರಲೇ?’ ಎಂದು ಕೇಳಿ. ಬೇಡವೆಂದರೆ ಬಾಗಿಲಿಗೇ ಢಿಕ್ಕಿ ಹೊಡೆದು ಸೋತ ಮುಖ ಮಾಡಿಕೊಂಡು ಹೊರಡಿ. ಎಷ್ಟೋ ಸಲ ಹಾಗೆ ಓಡಿಸಿದ ಮಗುವೇ ಮತ್ತೆ ಕರೆಯುತ್ತದೆ, ಇನ್ನೊಮ್ಮೆ ಓಡಿಸಲು! ಒಂದೆರಡು ವರ್ಷದ ಕೂಸುಗಳಿಗೆ ಅಪರಿಚಿತರೆಂದರೇ ಅಂಜಿಕೆ. ಅವರೆದುರು ಅಮ್ಮನನ್ನು ನಗಿಸಿ, ಅಷ್ಟೇ ಸಾಕು.

ಇಬ್ಬರು ಜೊತೆಯಾಗಿ ಹೋಗುವುದು ಒಳ್ಳೆಯದು. ಇಬ್ಬರೂ ತಮ್ಮತಮ್ಮಲ್ಲೇ ಜಗಳವಾಡಬಹುದು, ಮಗು ಬೇಕಾದರೆ ನ್ಯಾಯಾಧೀಶನಾಗುತ್ತದೆ, ಬೇಡವಾದರೆ ಸುಮ್ಮನೆ ನೋಡುತ್ತದೆ. ಡ್ರಿಪ್ ಹಾಕಿ ಪಟ್ಟಿಗೆ ಕಟ್ಟಿದ ಕೈಯಿರುವ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಅವಳಿಗೆ ಆಡಲು ಉಳಿದಿರುವುದು ಒಂದು ಬೆರಳು. ಅವಳು ಬೆರಳೆತ್ತಿದರೆ ವಿದೂಷಕ ನಿಲ್ಲಬೇಕು, ಇಳಿಸಿದರೆ ಧೊಪ್ಪನೆ ಬೀಳಬೇಕು. ಜಾಣತನವೆಲ್ಲ ಅವಳದು, ಪೆದ್ದತನವೆಲ್ಲ ನಿಮ್ಮದು. ಜಾದೂ ತೋರಿಸಿ ಚಪ್ಪಾಳೆ ಗಿಟ್ಟಿಸುವ ಚಪಲವಿದ್ದವರಿಗೆ ಇದು ಒಗ್ಗುವುದಿಲ್ಲ, ಅವರು ವೇದಿಕೆ ಹುಡುಕಿಕೊಳ್ಳಲಿ.

ಹಾಸಿಗೆಯ ಮೇಲೆ ಕೂರಬೇಡಿ, ನಳಿಕೆ ಮುಟ್ಟಬೇಡಿ, ತಿಂಡಿ ಕೊಡಬೇಡಿ, ಫೋಟೊ ತೆಗೆಯಬೇಡಿ. ‘ಬೇಗ ವಾಸಿಯಾಗುತ್ತೆ’ ಎಂಬ ಭರವಸೆ ಕೊಡುವುದೂ ನಿಮ್ಮ ಕೆಲಸವಲ್ಲ.

ಶಸ್ತ್ರಚಿಕಿತ್ಸೆಯ ಕೊಠಡಿವರೆಗೂ ಜೊತೆಗೆ ಹೋಗುವವರಿದ್ದಾರೆ. ಇಟಲಿಯಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅರಿವಳಿಕೆ ಕೊಡುವಾಗ ವಿದೂಷಕರು ಜೊತೆಗಿದ್ದ ಮಕ್ಕಳಲ್ಲಿ ಆತಂಕ ಕಡಿಮೆ ಇತ್ತು. ಆದರೆ ಅಲ್ಲಿನ ಸಿಬ್ಬಂದಿಯಲ್ಲಿ ಹೆಚ್ಚಿನವರು, ಕೆಲಸಕ್ಕೆ ಅಡ್ಡಿಯಾಗುತ್ತದೆಂದು ಅದನ್ನು ಮುಂದುವರಿಸಲು ಒಪ್ಪಲಿಲ್ಲ. ಆದ್ದರಿಂದ ವೈದ್ಯರು ಕರೆದರಷ್ಟೇ ಅಲ್ಲಿಗೆ ಹೋಗಿ.

<b>ಹೊರಟ ಮೇಲೆ</b>

ಮಗು ದಣಿಯುವ ಮೊದಲೇ ಹೊರಡಿ. ಮೂಗು ತೆಗೆದು, ಸಾಮಾನುಗಳನ್ನು ತೊಳೆದಿಟ್ಟು, ಕಂಡದ್ದರಲ್ಲಿ ಮುಖ್ಯವಾದುದನ್ನು ನರ್ಸ್‌ಗೆ ತಿಳಿಸಿ. ಮಗುವಿನ ವಿಷಯ ಹೊರಗೆಲ್ಲೂ ಬಾಯಿಬಿಡಬೇಡಿ. ಆದರೆ ನಿಮ್ಮ ಮನಸ್ಸಿನ ಭಾರವನ್ನು ಜೊತೆಗಾರರೊಂದಿಗೆ ಅಂದೇ ಹಂಚಿಕೊಳ್ಳಿ. ಕಳೆದ ವಾರ ಆಡಿದ ಮಗುವಿನ ಹಾಸಿಗೆ ಈ ವಾರ ಖಾಲಿಯಿರುವುದೂ ಉಂಟು. ಮುಂದಿನ ಭೇಟಿಯ ದಿನ ಹೇಳಿದ್ದರೆ ಆ ದಿನ ತಪ್ಪಿಸಬೇಡಿ, ಬರಲಾಗದಿದ್ದರೆ ವಾರ್ಡಿಗೆ ಮೊದಲೇ ತಿಳಿಸಿ.