ಕೊಳವೆ ಬೆಳೆಯುವಾಗ ಕಬ್ಬಿಣದ ಕಣಕ್ಕೆ ಏನಾಗುತ್ತದೆ: ನನ್ನ ಅನುಭವ

ಇಂಗಾಲದ ನ್ಯಾನೋ ಕೊಳವೆಗಳನ್ನು, ಅಂದರೆ ಇಂಗಾಲದ ಪರಮಾಣುಗಳಿಂದಾದ ಅತಿ ಸಣ್ಣ ಟೊಳ್ಳು ಎಳೆಗಳನ್ನು, ಕುಲುಮೆಯಲ್ಲಿ ಬೆಳೆಸುವವರ ಮಾತೆಲ್ಲ ಸಾಮಾನ್ಯವಾಗಿ ಅನಿಲದ ಹರಿವು ಮತ್ತು ತಾಪಮಾನದ ಸುತ್ತಲೇ ಇರುತ್ತದೆ. ನನ್ನ ಕೆಲಸದಲ್ಲಾದರೋ ಫಲಿತಾಂಶ ಬಹುಮಟ್ಟಿಗೆ ನಿರ್ಧಾರವಾಗುವುದು ಇಂಗಾಲ ಒದಗಿಸುವ ಎಥಿಲೀನ್ ಅನಿಲ ಒಳಗೆ ಬರುವುದಕ್ಕೂ ಮುಂಚಿನ ಕೆಲವೇ ನಿಮಿಷಗಳಲ್ಲಿ, ವೇಗವರ್ಧಕವಾದ ಕಬ್ಬಿಣವು ಆಗ ತಾಳುವ ರೂಪದಿಂದ.

ಸಿಲಿಕಾನ್ ವೇಫರ್ (ತೆಳುವಾದ ಬಿಲ್ಲೆ) ಮೇಲೆ ಸುಮಾರು 10 ನ್ಯಾನೋಮೀಟರ್ ದಪ್ಪದ ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್), ಅದರ ಮೇಲೆ 1 ನ್ಯಾನೋಮೀಟರ್ ಕಬ್ಬಿಣ: ನಾನು ಬಳಸುವ ಪದರಗಳು ಇಷ್ಟೇ. ಗಾಳಿಗೆ ತೆರೆದುಕೊಂಡ ಕೂಡಲೇ ಆ ಕಬ್ಬಿಣ ಆಕ್ಸೈಡ್ ಆಗಿರುತ್ತದೆ. ಹೈಡ್ರೋಜನ್ ಹರಿಸುತ್ತಾ 750 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಆಕ್ಸೈಡಿನಿಂದ ಆಮ್ಲಜನಕ ಕಳಚಿಹೋಗಿ, ಉಳಿದ ಲೋಹವು ಹಾಳೆಯಾಗಿ ಹರಡಿಕೊಂಡಿರಲಾರದೆ, ಎಣ್ಣೆ ಸವರಿದ ತಟ್ಟೆಯ ಮೇಲೆ ನೀರು ಹನಿಗಟ್ಟುವ ಹಾಗೆ, ಕೆಲವೇ ನ್ಯಾನೋಮೀಟರ್ ಅಗಲದ ಕಣಗಳಾಗಿ ಒಡೆದುಕೊಳ್ಳುತ್ತದೆ. ಇಲ್ಲಿ ಕಬ್ಬಿಣ ಕರಗುತ್ತಿಲ್ಲ. ಅದರ ಕರಗುವ ಬಿಂದು 1538 ಡಿಗ್ರಿ. ಮೇಲ್ಮೈಯ ಶಕ್ತಿಯನ್ನು ತಗ್ಗಿಸಿಕೊಳ್ಳಲು ಪರಮಾಣುಗಳು ಘನ ಸ್ಥಿತಿಯಲ್ಲಿಯೇ ಜರುಗುತ್ತವೆ.

ಕಣಗಳು ರೂಪುಗೊಂಡ ಮೇಲೂ ಹಾಗೆಯೇ ಉಳಿಯುವುದಿಲ್ಲ. ಚಿಕ್ಕ ಕಣಗಳಿಂದ ಬಿಡಿಸಿಕೊಂಡ ಪರಮಾಣುಗಳು ದೊಡ್ಡ ಕಣಗಳನ್ನು ಸೇರುವುದರಿಂದ ಚಿಕ್ಕವು ಸವೆದು ಮಾಯವಾಗುತ್ತವೆ, ದೊಡ್ಡವು ಇನ್ನಷ್ಟು ದಪ್ಪವಾಗುತ್ತವೆ. ಇದಕ್ಕೆ ಆಸ್ಟ್‌ವಾಲ್ಡ್ ಪಕ್ವನ ಎನ್ನುತ್ತಾರೆ. ಕಣದಿಂದ ಬೆಳೆಯುವ ಕೊಳವೆಯ ವ್ಯಾಸವು ಆ ಕಣದ ಗಾತ್ರವನ್ನು ಅನುಸರಿಸುವುದರಿಂದ, ಹೈಡ್ರೋಜನ್‌ನಲ್ಲಿ ಕಾಯಿಸುವ ಹೊತ್ತು ಹೆಚ್ಚಾದಷ್ಟೂ ಕೊಳವೆಗಳು ದಪ್ಪವಾಗಿ, ವಿರಳವಾಗಿ ಬೆಳೆಯುತ್ತವೆ. ಆದ್ದರಿಂದ ನಾನು ಮಾದರಿಯನ್ನು ಕುಲುಮೆಯ ಜೊತೆಗೆ ನಿಧಾನವಾಗಿ ಕಾಯಿಸುವುದಿಲ್ಲ. ಕ್ವಾರ್ಟ್ಜ್ ನಳಿಕೆಯ ತಣ್ಣಗಿನ ಭಾಗದಲ್ಲಿ ಅದನ್ನು ಇರಿಸಿ, ಕುಲುಮೆ ಪೂರ್ತಿ ಬಿಸಿಯಾದ ನಂತರ ಕುಲುಮೆಯನ್ನೇ ಹಳಿಯ ಮೇಲೆ ಸರಿಸಿ ಮಾದರಿಯ ಮೇಲೆ ತರುತ್ತೇನೆ. ಅಪಕರ್ಷಣೆಗೆ, ಅಂದರೆ ಆಕ್ಸೈಡಿನಿಂದ ಆಮ್ಲಜನಕ ಕಳಚಿಹೋಗಲು, ಬೇಕಾದಷ್ಟು ಸಮಯ ಕೊಟ್ಟು, ಕಣಗಳು ಒಂದನ್ನೊಂದು ನುಂಗುವ ಮೊದಲೇ ಎಥಿಲೀನ್ ಬಿಡಬೇಕು. ಇಷ್ಟು ಶ್ರದ್ಧೆ ಬೇಡುವ ಹಂತ ಇಡೀ ಪ್ರಕ್ರಿಯೆಯಲ್ಲಿ ಇನ್ನೊಂದಿಲ್ಲ.

ಕಬ್ಬಿಣದ ಕೆಳಗಿರುವ ಆಧಾರ ಪದರದ ಪಾತ್ರವನ್ನು ಕಣ್ಣಾರೆ ಕಾಣಬೇಕೆಂದರೆ, ಬರಿಯ ಸಿಲಿಕಾನ್ ಡೈಆಕ್ಸೈಡ್ ಮೇಲೆ ಅದೇ ದಪ್ಪದ ಕಬ್ಬಿಣವಿರುವ ಚೂರನ್ನೂ ಅಲ್ಯುಮಿನಾ ಇರುವ ಚೂರನ್ನೂ ಅಕ್ಕಪಕ್ಕದಲ್ಲಿಟ್ಟು ಒಟ್ಟಿಗೇ ಬೆಳೆಸಿ ನೋಡಬೇಕು. ಹೊರತೆಗೆದಾಗ ಅಲ್ಯುಮಿನಾ ಚೂರಿನ ಮೇಲೆ ಬೆಳಕನ್ನೆಲ್ಲ ಹೀರಿಕೊಂಡ ಮಖಮಲ್ಲಿನಂಥ ಕಪ್ಪು ಕೊಳವೆಗಳ ಹಾಸು ಇರುತ್ತದೆ. ಚಿಮುಟದ ತುದಿ ತಾಗಿದರೆ ಅದರ ಅಂಚು ಒಂದೇ ಹಾಳೆಯಾಗಿ ಮೇಲೇಳುತ್ತದೆ. ಪಕ್ಕದ ಚೂರು ಬೂದುಬಣ್ಣಕ್ಕೆ ತಿರುಗಿರುತ್ತದೆ ಅಷ್ಟೆ, ಸೂಕ್ಷ್ಮದರ್ಶಕದಲ್ಲಿ ಅಲ್ಲಲ್ಲಿ ಸಿಕ್ಕುಸಿಕ್ಕಾದ ಎಳೆಗಳು ಕಾಣುತ್ತವೆ. ಅಲ್ಯುಮಿನಾ ಕಬ್ಬಿಣವನ್ನು ಬಿಗಿಯಾಗಿ ಹಿಡಿದು ಅದರ ಓಡಾಟಕ್ಕೆ ಕಡಿವಾಣ ಹಾಕುತ್ತದೆ. ಸಿಲಿಕಾನ್ ಡೈಆಕ್ಸೈಡ್ ಮೇಲೆ ಆ ಹಿಡಿತ ಸಡಿಲ.

ಬೆಳವಣಿಗೆಯ ಹೊತ್ತಿನಲ್ಲಿ ಕಣದ ಸ್ಥಿತಿ ಎಂಥದ್ದು ಎಂಬ ಪ್ರಶ್ನೆಗೆ ನನ್ನ ಕುಲುಮೆಯೊಂದೇ ಉತ್ತರ ಕೊಡಲಾರದು, ಏಕೆಂದರೆ ತಣಿಸಿ ಗಾಳಿಗೆ ತಂದ ಕಣ ಮತ್ತೆ ಬದಲಾಗಿರುತ್ತದೆ. ಬೆಳೆಯುತ್ತಿರುವಾಗಲೇ ನೋಡುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಗಳು ಇಲ್ಲಿ ದೊಡ್ಡ ಉಪಕಾರ ಮಾಡಿವೆ. ಹೆಲ್ವೆಗ್ ಮತ್ತು ಸಂಗಡಿಗರು 2004ರಲ್ಲಿ, ಮೀಥೇನ್‌ನಿಂದ ಇಂಗಾಲದ ನಾರು ಬೆಳೆಯುವಾಗ ನಿಕಲ್ ಕಣವು ಉದ್ದಕ್ಕೆ ಹಿಗ್ಗಿ, ಮತ್ತೆ ಗುಂಡಗೆ ಕುಗ್ಗುವುದನ್ನು ತೋರಿಸಿದರು. ಅಷ್ಟು ರೂಪ ಬದಲಿಸಿದರೂ ಕಣ ಸ್ಫಟಿಕವಾಗಿಯೇ ಉಳಿದಿತ್ತು. ಯೋಶಿದಾ ಮತ್ತು ಸಂಗಡಿಗರು 2008ರಲ್ಲಿ ಕೆಲಸ ನಿರತ ಕಬ್ಬಿಣದ ಕಣವನ್ನು ಸಿಮೆಂಟೈಟ್ ಎಂಬ ಕಾರ್ಬೈಡ್ (ಕಬ್ಬಿಣ ಮತ್ತು ಇಂಗಾಲದ ಸಂಯುಕ್ತ) ಎಂದು ಗುರುತಿಸಿದರು. ಬೇರೆ ಪರಿಸ್ಥಿತಿಗಳಲ್ಲಿ ಶುದ್ಧ ಲೋಹದ ರೂಪವೂ ಕಂಡಿದೆ. ಒಂದೇ ವಿವರಣೆ ಎಲ್ಲ ಕುಲುಮೆಗಳಿಗೂ ಸಲ್ಲುತ್ತದೆ ಎಂದು ನಾನು ಒಪ್ಪುವುದಿಲ್ಲ. ಅನಿಲ, ಒತ್ತಡ, ಕಣದ ಗಾತ್ರ ಬದಲಾದಂತೆ ಉತ್ತರವೂ ಬದಲಾಗುತ್ತದೆ.

ಕಬ್ಬಿಣ ಅಲ್ಯುಮಿನಾಕ್ಕೆ ಅಂಟಿಕೊಂಡೇ ಇರುವುದರಿಂದ ಕೊಳವೆ ಬುಡದಿಂದ ಬೆಳೆಯುತ್ತದೆ: ಮೊದಲು ಹುಟ್ಟಿದ ಭಾಗ ಮೇಲೆ, ಕೊನೆಗೆ ಹುಟ್ಟಿದ್ದು ಕೆಳಗೆ. ಹೀಗಾಗಿ ಬ್ಲೇಡಿನಿಂದ ಕತ್ತರಿಸಿದ ಪಕ್ಕದ ನೋಟದಲ್ಲಿ ಕಣಗಳ ಆಯುಷ್ಯವೆಲ್ಲ ದಾಖಲಾಗಿರುತ್ತದೆ. ನಡುವಿನಲ್ಲಿ ನೆಟ್ಟಗೆ, ದಟ್ಟವಾಗಿ ಸಾಗಿದ ಕೊಳವೆಗಳು ಬುಡದ ಹತ್ತಿರ ವಿರಳವಾಗಿ, ಅಂಕುಡೊಂಕಾಗಿರುತ್ತವೆ. ಕೆಲವು ಕಣಗಳನ್ನು ಇಂಗಾಲದ ಪದರವೇ ಸುತ್ತುವರಿದು ಮುಚ್ಚಿರುತ್ತದೆ, ಕೆಲವು ಸವೆದು ನೆರೆಯ ಕಣಗಳಿಗೆ ಸೇರಿಹೋಗಿರುತ್ತವೆ, ಕೆಲವು ಅಲ್ಯುಮಿನಾದೊಳಕ್ಕೆ ಇಳಿದಿರುತ್ತವೆ. ಒಂದಕ್ಕೊಂದು ಆನಿಕೊಂಡು ನಿಲ್ಲಲು ಬೇಕಾದಷ್ಟು ಕೊಳವೆಗಳು ಉಳಿಯದಿದ್ದಾಗ ಬೆಳವಣಿಗೆ ಒಮ್ಮೆಲೇ ನಿಲ್ಲುತ್ತದೆ.

ಹಾಟಾ ಮತ್ತು ಸಂಗಡಿಗರು ಅನಿಲಕ್ಕೆ ಅತ್ಯಲ್ಪ ನೀರಾವಿ ಬೆರೆಸಿ 10 ನಿಮಿಷದಲ್ಲಿ 2.5 ಮಿಲಿಮೀಟರ್ ಎತ್ತರದ ಕೊಳವೆಗಳನ್ನು ಬೆಳೆಸಿದ್ದು 2004ರಲ್ಲಿ. ನೀರಾವಿ ಕಣದ ಮೇಲಿನ ಅನಗತ್ಯ ಇಂಗಾಲವನ್ನು ತೆಗೆಯುತ್ತದೆ, ಕಣಗಳ ಪಕ್ವನವನ್ನೂ ನಿಧಾನಿಸುತ್ತದೆ. ಪ್ರಮಾಣ ಮೀರಿದರೆ ಕಬ್ಬಿಣವನ್ನೇ ಆಕ್ಸೈಡ್ ಮಾಡುತ್ತದೆ. ನಳಿಕೆಯ ಗೋಡೆಯಲ್ಲಿ ಉಳಿದ ತೇವವೂ ಈ ಲೆಕ್ಕಕ್ಕೆ ಸೇರುವುದರಿಂದ, ಪ್ರತಿ ಬೆಳವಣಿಗೆಗೂ ಮುನ್ನ ಖಾಲಿ ನಳಿಕೆಯನ್ನು ಗಾಳಿಯಲ್ಲಿ ಕಾಯಿಸಿ ಹಳೆಯ ಇಂಗಾಲವನ್ನು ಸುಟ್ಟು, ಆಮೇಲೆ ಆರ್ಗಾನ್‌ನಿಂದ ಚೆನ್ನಾಗಿ ತೊಳೆಯುತ್ತೇನೆ.

ಕೊಳವೆಗಳ ಹಾಸನ್ನು ಎತ್ತಿ ತೆಗೆದ ಮೇಲೂ ಕಬ್ಬಿಣ ವೇಫರಿನಲ್ಲೇ ಇರುತ್ತದೆ. ಅದನ್ನು ಗಾಳಿಯಲ್ಲಿ ಕಾಯಿಸಿ, ಮುಚ್ಚಿಕೊಂಡ ಇಂಗಾಲ ಉರಿದುಹೋದ ನಂತರ ಮತ್ತೆ ಹೈಡ್ರೋಜನ್ ಮತ್ತು ಎಥಿಲೀನ್ ಕೊಟ್ಟರೆ ಎರಡನೆಯ ಹಾಸು ಬೆಳೆಯುತ್ತದೆ. ನನ್ನ ಮಾದರಿಗಳಲ್ಲಿ ಅದು ಮೊದಲನೆಯದಕ್ಕಿಂತ ಗಿಡ್ಡವಾಗಿಯೇ ಬಂದಿದೆ: ಇಂಗಾಲದಿಂದ ಮುಚ್ಚಿದ ಕಣ ಹೀಗೆ ಮರಳಿ ಕೆಲಸಕ್ಕೆ ಬರುತ್ತದೆ, ಅಲ್ಯುಮಿನಾದೊಳಕ್ಕೆ ಇಳಿದದ್ದು ಬರುವುದಿಲ್ಲ.