ಹದಿಹರೆಯದ ಆತಂಕ ಬೇರೂರದಂತೆ ನೋಡಿಕೊಳ್ಳುವುದು ಹೇಗೆ

ತರಗತಿಯಲ್ಲಿ ಎದ್ದು ನಿಂತು ಓದಬೇಕಾದ ದಿನ ಒಂಬತ್ತನೆಯ ತರಗತಿಯ ಹುಡುಗಿ ಬೆಳಿಗ್ಗೆಯೇ ಹೊಟ್ಟೆನೋವೆಂದು ಮಲಗುತ್ತಾಳೆ. ಇಂದು ಶಾಲೆಗೆ ಹೋಗುವುದು ಬೇಡವೆಂದು ಮನೆಯವರು ಹೇಳಿದ ಸ್ವಲ್ಪ ಹೊತ್ತಿಗೇ ನೋವು ಇಳಿಯುತ್ತದೆ. ಇದು ನಾಟಕವಲ್ಲ, ಹೆದರಿಕೆಯಾದಾಗ ಹೊಟ್ಟೆ ನಿಜವಾಗಿಯೂ ತೊಳಸುತ್ತದೆ. ಹೆತ್ತವರು ಗಮನಿಸಬೇಕಾದದ್ದು ನೋವಿಗಿಂತ ಹೆಚ್ಚಾಗಿ ಆ ನಿರಾಳವನ್ನು. ತಪ್ಪಿಸಿಕೊಂಡಾಗಲೆಲ್ಲ ಸಿಗುವ ನೆಮ್ಮದಿಯೇ, ತಪ್ಪಿಸಿಕೊಂಡದ್ದರಿಂದ ಬಚಾವಾದೆ ಎಂಬ ಪಾಠವನ್ನು ಮಿದುಳಿಗೆ ಕಲಿಸುತ್ತದೆ; ಓದಿದ್ದರೂ ಏನೂ ಆಗುತ್ತಿರಲಿಲ್ಲ ಎಂಬುದನ್ನು ತಿಳಿಯುವ ಅವಕಾಶ ಅವಳಿಗೆ ಸಿಗುವುದೇ ಇಲ್ಲ.

ಅಪಾಯವನ್ನು ಗ್ರಹಿಸುವ, ಅಮಿಗ್ಡಲಾ ಎಂಬ ಮಿದುಳಿನ ಭಾಗ ಈ ವಯಸ್ಸಿಗೆ ಚುರುಕಾಗಿರುತ್ತದೆ, ಅದಕ್ಕೆ ಕಡಿವಾಣ ಹಾಕಬೇಕಾದ ಮಿದುಳಿನ ಮುಂಭಾಗವಾದರೋ ಸುಮಾರು 25ನೆಯ ವಯಸ್ಸಿನವರೆಗೂ ಬಲಿಯುತ್ತಲೇ ಇರುತ್ತದೆ. ಓರಗೆಯವರ ಅಭಿಪ್ರಾಯವೇ ದೊಡ್ಡದೆನಿಸುವ ಕಾಲವೂ ಇದೇ ಆದ್ದರಿಂದ, ಸಾಮಾಜಿಕ ಆತಂಕ ಹೆಚ್ಚಾಗಿ ಹದಿಹರೆಯದಲ್ಲೇ ತಲೆದೋರುತ್ತದೆ.

ಮೊದಲು ಒಂದೆರಡು ವಾರ, ಮಗಳು ಯಾವುದರಿಂದ ಹಿಂದೆ ಸರಿಯುತ್ತಾಳೆ ಮತ್ತು ಆಗ ಮನೆಯವರು ಏನು ಮಾಡುತ್ತಾರೆ ಎಂಬುದನ್ನು ಬರೆದಿಡಿ. ಎರಡನೆಯದನ್ನು ಬರೆಯುವುದು ಕಷ್ಟ, ಏಕೆಂದರೆ ಅವಳ ಪರವಾಗಿ ಉತ್ತರಿಸುವುದು, ಶಿಕ್ಷಕರಿಗೆ ಫೋನ್ ಮಾಡಿ ವಿನಾಯಿತಿ ಕೇಳುವುದು, ದಿನಕ್ಕೆ ಹತ್ತು ಸಲ "ಏನೂ ಆಗಲ್ಲ ಬಿಡಮ್ಮ" ಎನ್ನುವುದು ಎಲ್ಲವೂ ಪ್ರೀತಿಯಿಂದಲೇ ಆತಂಕಕ್ಕೆ ನೀರೆರೆಯುತ್ತವೆ.

ಅನಂತರ ಅವಳೊಂದಿಗೆ ಕುಳಿತು, ಅತಿ ಸುಲಭವಾದದ್ದರಿಂದ ಅತಿ ಕಠಿಣವಾದದ್ದರವರೆಗೆ ಮೆಟ್ಟಿಲುಗಳನ್ನು ಗೊತ್ತುಮಾಡಿ: ಮನೆಯಲ್ಲಿ ಜೋರಾಗಿ ಓದುವುದು, ಒಬ್ಬ ಗೆಳತಿಯ ಮುಂದೆ ಓದುವುದು, ತರಗತಿಯಲ್ಲಿ ಒಂದೇ ವಾಕ್ಯ ಓದುವುದು, ಕೊನೆಗೆ ಒಂದು ಪುಟ. ಎದೆ ಡವಡವ ಎನ್ನುತ್ತಿರುವಾಗಲೇ ಬಿಟ್ಟು ಬಂದರೆ ಹಳೆಯ ಪಾಠವೇ ಗಟ್ಟಿಯಾಗುವುದರಿಂದ, ಪ್ರತಿ ಮೆಟ್ಟಿಲಲ್ಲೂ ತುಸು ನಿಂತು, ಅದನ್ನು ಹಲವು ಸಲ ಮಾಡಿಯೇ ಮುಂದಿನದಕ್ಕೆ ಹೋಗಬೇಕು. ಗದರಿಸಿ ನೇರವಾಗಿ ವೇದಿಕೆ ಹತ್ತಿಸುವುದನ್ನು ಧೈರ್ಯ ಕಲಿಸುವುದು ಎನ್ನಲಾಗದು.

ಶಾಲೆ, ನಿದ್ದೆ, ಊಟ ಕೆಡುತ್ತಿದ್ದರೆ ತಜ್ಞರನ್ನು ಕಾಣಿ. ಆಲೋಚನೆ ಮತ್ತು ವರ್ತನೆ ಎರಡನ್ನೂ ತಿದ್ದುವ ಸಿಬಿಟಿ ಚಿಕಿತ್ಸೆಯಲ್ಲೂ ಇದೇ ಮೆಟ್ಟಿಲುಗಳ ಕ್ರಮವಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು. ಬದುಕುವುದೇ ಬೇಡವೆಂಬ ಮಾತು ಬಂದರೆ ಮೆಟ್ಟಿಲುಗಳನ್ನು ಬದಿಗಿಟ್ಟು, ಅವಳನ್ನು ಒಂಟಿಯಾಗಿ ಬಿಡದೆ, ಅಂದೇ ವೈದ್ಯರ ಬಳಿಗೆ ಕರೆದೊಯ್ಯಿರಿ.