ಹುಲ್ಲು ಎಲ್ಲಿ, ಕಾಡು ಎಲ್ಲಿ: ನದಿಗೆ ಬಯಲು ಬಿಟ್ಟುಕೊಟ್ಟ ಅನುಭವ

ನದಿಗೆ ಅಂಟಿಕೊಂಡಿದ್ದ ಹಳೆಯ ಒಡ್ಡನ್ನು ಅಲ್ಲಲ್ಲಿ ಒಡೆದು, ದೂರದಲ್ಲಿ ಹೊಸ ಒಡ್ಡು ಕಟ್ಟಿ, ನಡುವಿನ ಬಯಲನ್ನು ಮತ್ತೆ ನದಿಗೆ ಬಿಡುವ ಕೆಲಸದಲ್ಲಿ ನಾನು ಎಂಜಿನಿಯರ್ ಆಗಿದ್ದೆ. ನೆರೆಯ ಕಾಟ ತಗ್ಗುತ್ತದೆ, ಹಕ್ಕಿ ಮೀನುಗಳಿಗೂ ಜಾಗ ಸಿಗುತ್ತದೆ ಅಂತ ಇಂಥ ಯೋಜನೆಗಳ ಬಗ್ಗೆ ಹೇಳುತ್ತಾರೆ. ಎರಡೂ ನಿಜ. ಆದರೆ ಅವೆರಡೂ ಜಗಳವಾಡುತ್ತವೆ ಅನ್ನುವುದನ್ನು ಯಾರೂ ಹೇಳುವುದಿಲ್ಲ. ನನಗೆ ಬೇಕಿದ್ದದ್ದು ನೀರು ಸರಾಗವಾಗಿ ಸಾಗುವ ಬಯಲು. ನಮ್ಮ ತಂಡದ ಪರಿಸರ ತಜ್ಞೆಗೆ ಬೇಕಿದ್ದದ್ದು ಪೊದೆ, ಮರ, ಹೊಂಡ, ಬಿದ್ದ ದಿಮ್ಮಿ. ನನ್ನ ಲೆಕ್ಕದಲ್ಲಿ ಅವೆಲ್ಲ ನೀರಿಗೆ ಅಡ್ಡಿ.

ಎಷ್ಟು ಅಡ್ಡಿ? ನೆಲದ ಒರಟುತನಕ್ಕೆ ಎಂಜಿನಿಯರ್‌ಗಳು ಮ್ಯಾನಿಂಗ್ ಅಂಕಿ ಬಳಸುತ್ತಾರೆ, ಅದು ಹೆಚ್ಚಾದಷ್ಟೂ ನೀರು ನಿಧಾನ. ಗಿಡ್ಡ ಹುಲ್ಲಿಗೆ ಅದು 0.03ರ ಆಸುಪಾಸು. ನದಿ ದಡದಲ್ಲಿ ಬೆಳೆಯುವ ವಿಲ್ಲೋ ಗಿಡದ ದಟ್ಟ ಪೊದೆಗೆ 0.1 ದಾಟುತ್ತದೆ. ಅಂದರೆ ಅಷ್ಟೇ ಆಳ, ಅಷ್ಟೇ ಇಳಿಜಾರು ಇದ್ದರೂ ಪೊದೆಯ ಮೂಲಕ ಹಾಯುವ ನೀರು ಮೂರನೇ ಒಂದು ಪಾಲಿಗೂ ಕಡಿಮೆ. ಬಯಲು ಬಿಟ್ಟುಕೊಟ್ಟು, ಆಮೇಲೆ ಅದರ ತುಂಬ ಪೊದೆ ಬೆಳೆಯಲು ಬಿಟ್ಟರೆ ಒಡ್ಡು ಸರಿಸಿ ಗಳಿಸಿದ್ದರಲ್ಲಿ ದೊಡ್ಡ ಪಾಲು ಹೋಯಿತು.

ಹಾಗಾಗಿ ನಾವು ನೀರಿನ ಹರಿವು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಯನ್ನು ಎರಡು ಸಲ ಓಡಿಸಿದೆವು. ಒಮ್ಮೆ ಕೆಲಸ ಮುಗಿದ ದಿನದ ಬೋಳು ಬಯಲಿಗೆ, ಇನ್ನೊಮ್ಮೆ ಇಪ್ಪತ್ತು ವರ್ಷ ಬೆಳೆದ ಬಯಲಿಗೆ. ಹೊಸ ಒಡ್ಡಿನ ಎತ್ತರ ನಿಗದಿ ಮಾಡಿದ್ದು ಎರಡನೆಯದರಿಂದ. ನೀರು ಜೋರಾಗಿ ನುಗ್ಗುವ ದಾರಿ ನಕ್ಷೆಯಲ್ಲಿ ಬಣ್ಣದಿಂದಲೇ ಗೊತ್ತಾಗುತ್ತದೆ. ಅಲ್ಲಿ ಹುಲ್ಲು ಮಾತ್ರ. ನೀರು ಬಂದು ಸುಮ್ನೆ ನಿಲ್ಲುವ ಮೂಲೆಗಳು ಕಾಡಿಗೆ. ಹೊಸ ಒಡ್ಡಿನ ಮುಂದೆಯೂ ಮರದ ಸಾಲು ಬಿಟ್ಟೆವು, ಅದು ಅಲೆಯ ಹೊಡೆತ ತಡೆಯುತ್ತದೆ. ತಜ್ಞೆಗೆ ಕೇಳಿದಷ್ಟು ಕಾಡು ಸಿಗಲಿಲ್ಲ, ನನಗೆ ಬಯಸಿದಷ್ಟು ಹುಲ್ಲೂ ಸಿಗಲಿಲ್ಲ.

ಇದು ನಾವು ಕಂಡುಹಿಡಿದದ್ದೇನಲ್ಲ. 1993 ಮತ್ತು 1995ರಲ್ಲಿ ನೆದರ್ಲೆಂಡ್ಸ್‌ನ ನದಿಗಳು ಉಕ್ಕಿದವು. 1995ರಲ್ಲಿ ಸುಮಾರು ಎರಡೂವರೆ ಲಕ್ಷ ಜನರನ್ನು ಊರು ಬಿಡಿಸಬೇಕಾಯಿತು. ಆಮೇಲೆ ಅವರು ಒಡ್ಡು ಎತ್ತರಿಸುವುದರ ಮೇಲಷ್ಟೇ ಭರವಸೆ ಇಡದೆ 30ಕ್ಕೂ ಹೆಚ್ಚು ಕಡೆ ನದಿಗೆ ಜಾಗ ಬಿಟ್ಟರು. ನೈಮೇಗನ್ ನಗರದ ಎದುರು ವಾಲ್ ನದಿಯ ಒಡ್ಡು 350 ಮೀಟರ್ ಹಿಂದೆ ಸರಿದು, ಪಕ್ಕದಲ್ಲಿ ಇನ್ನೊಂದು ಕಾಲುವೆಯೇ ಬಂತು. ಅಷ್ಟಾದ ಮೇಲೂ ಬಯಲಿನ ಯಾವ ತುಂಡಿನಲ್ಲಿ ಏನು ಬೆಳೆಯಬಹುದು ಅನ್ನುವ ನಕ್ಷೆಯನ್ನು ಅವರು ಕಾನೂನಿನ ಬಲದಿಂದ ಇಟ್ಟುಕೊಂಡಿದ್ದಾರೆ. ನಾನು ಧೈರ್ಯವಾಗಿ ವಾದ ಮಾಡಲು ಆ ನಕ್ಷೆ ತುಂಬ ಸಹಾಯ ಮಾಡಿತು.

ಜನ ಜಾಸ್ತಿ ಕೇಳುವ ಪ್ರಶ್ನೆ, "ಕೆಳಗಿನ ಊರಿಗೆ ಎಷ್ಟು ನೀರು ಕಡಿಮೆಯಾಗುತ್ತೆ?" ನೇರವಾಗಿ ಹೇಳಬೇಕೆಂದರೆ, ಹೆಚ್ಚೇನಿಲ್ಲ. ಒಡ್ಡು ಸರಿಸಿದರೆ ನೀರಿನ ಮಟ್ಟ ಇಳಿಯುವುದು ಆ ಜಾಗದಲ್ಲಿ ಮತ್ತು ಅದರ ಮೇಲ್ಭಾಗದಲ್ಲಿ, ಯಾಕೆಂದರೆ ಇಕ್ಕಟ್ಟು ಬಿಡಿಸಿದ್ದು ಅಲ್ಲಿ. ಕೆಳಗಿನವರಿಗೆ ಲಾಭವಾಗಬೇಕಾದರೆ ನೆರೆ ಗರಿಷ್ಠ ಮಟ್ಟಕ್ಕೆ ಏರುವ ಹೊತ್ತಿಗೆ ಬಯಲು ಖಾಲಿ ಇರಬೇಕು. ತೆರೆದ ಬಯಲು ನೀರು ಏರುವಾಗಲೇ ತುಂಬಿಕೊಳ್ಳುತ್ತದೆ. ಗೇಟು ಹಾಕಿದರೆ ಸರಿಯಾದ ಗಳಿಗೆಗೆ ತೆರೆಯಬಹುದು, ಆದರೆ ವರ್ಷಗಟ್ಟಲೆ ಒಣಗಿದ್ದ ಬಯಲಿಗೆ ಒಮ್ಮೆಲೇ ಆಳ ನೀರು ನುಗ್ಗಿದರೆ ಅಲ್ಲಿನ ಜೀವಿಗಳು ಸಾಯುತ್ತವೆ. ರೈನ್ ನದಿಯ ಜರ್ಮನ್ ದಡದ ಕೆಲವು ಗೇಟಿನ ಬಯಲುಗಳಿಗೆ ಅದಕ್ಕೇ ಚಿಕ್ಕ ನೆರೆಯಲ್ಲೂ ಬೇಕೆಂದೇ ನೀರು ಬಿಡುತ್ತಾರೆ, ಗಿಡ ಪ್ರಾಣಿಗಳಿಗೆ ಅಭ್ಯಾಸವಾಗಲಿ ಅಂತ. ನಾವು ಗೇಟು ಹಾಕಲಿಲ್ಲ. ಮೇಲಿನ ಊರುಗಳಿಗೆ ಲಾಭ, ಕೆಳಗಿನವರಿಗೆ ತೊಂದರೆಯಿಲ್ಲ, ಇಷ್ಟೇ ಹೇಳಿದೆವು.

ಅಗೆತಕ್ಕೆ ಮೊದಲು ಲೈಡಾರ್ ನಕ್ಷೆ, ಅಂದರೆ ಲೇಸರ್ ಬೆಳಕಿನಿಂದ ನೆಲದ ಏರುತಗ್ಗು ಅಳೆದ ನಕ್ಷೆ, ಮಾಡಿಸಿದೆವು. ಉತ್ತು ಸಮ ಮಾಡಿದ ಹೊಲದ ಕೆಳಗೂ ನದಿ ಹಿಂದೆ ಹರಿದ ಜಾಡುಗಳು ಒಂದೆರಡು ಅಡಿ ತಗ್ಗಾಗಿ ಕಾಣಿಸಿದವು. ಪಕ್ಕಗಾಲುವೆಯನ್ನು ಆ ಜಾಡಿನಲ್ಲೇ ತೋಡಿದೆವು. ಅದರ ಕೆಳತುದಿ ಯಾವಾಗಲೂ ನದಿಗೆ ತೆರೆದಿದೆ. ಮೇಲ್ತುದಿಯಲ್ಲಿ ಕಲ್ಲಿನ ಹೊಸ್ತಿಲಿದೆ, ನದಿ ಸ್ವಲ್ಪ ಏರಿದಾಗಷ್ಟೇ ಅದನ್ನು ದಾಟಿ ನೀರು ಒಳಗೆ ಬರುತ್ತದೆ. ಹೊಸ್ತಿಲು ತಗ್ಗಾದರೆ ನದಿಯ ಮುಖ್ಯ ಹರಿವೇ ಒಳಗೆ ತಿರುಗುವ ಅಪಾಯ. ಎತ್ತರವಾದರೆ ಹೂಳು ತೊಳೆದು ಹೋಗುವುದಿಲ್ಲ. ಈ ಕಲ್ಲಿನ ಎತ್ತರದ ಮೇಲೆ ನಡೆದಷ್ಟು ಚರ್ಚೆ ಇಡೀ ಹೊಸ ಒಡ್ಡಿನ ಮೇಲೂ ನಡೆಯಲಿಲ್ಲ.

ಬಯಲಿನ ತಗ್ಗುಗಳನ್ನೆಲ್ಲ ಕಾಲುವೆಯ ಕಡೆಗೆ ಇಳಿಜಾರು ಮಾಡಿದೆವು. ಇಲ್ಲದಿದ್ದರೆ ನೀರು ಇಳಿದಾಗ ಮೀನು ಗುಂಡಿಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮುಳುಗಿದ ಬಯಲು ಬೆಚ್ಚಗಿರುತ್ತದೆ, ತಿನ್ನಲೂ ಹೆಚ್ಚು ಸಿಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ನೆರೆಯ ನೀರು ಬಿಡುವ ಯೋಲೊ ಬೈಪಾಸ್ ಅನ್ನುವ ಬಯಲಿನಲ್ಲಿ ಸಾಲ್ಮನ್ ಮರಿಗಳು ಪಕ್ಕದ ನದಿಗಿಂತ ಬೇಗ ಬೆಳೆಯುತ್ತವೆ. ಆದರೆ ಮರಿಗಳು ವಾಪಸ್ ನದಿಗೆ ಹೋಗದಿದ್ದರೆ ಬೆಳೆದು ಏನು ಪ್ರಯೋಜನ? ಆಳದ ಒಂದೆರಡು ಹೊಂಡಗಳನ್ನು ಮಾತ್ರ ಬೇಕೆಂದೇ ಬೇರೆಯಾಗಿ ಬಿಟ್ಟೆವು. ಮೀನಿಲ್ಲದ ನೀರು ಕಪ್ಪೆಗಳಿಗೆ ಬೇಕು.

ಅಗೆದ ಜೇಡಿ ಹೊಸ ಒಡ್ಡಿಗೆ ಹೋಯಿತು. ಒಡ್ಡಿನ ಬುಡದ ಹತ್ತಿರ ಮಾತ್ರ ಅಗೆಯಲು ಬಿಡಲಿಲ್ಲ. ಮೇಲಿನ ಜೇಡಿ ಪದರ ತೆಳುವಾದರೆ ನೆರೆಯಲ್ಲಿ ನೀರು ಮರಳಿನ ಮೂಲಕ ಅಡಿಯಿಂದ ನುಸುಳಿ ಆಚೆ ಬುಗ್ಗೆಯಾಗಿ ಏಳುತ್ತದೆ. "ನೀರನ್ನ ನಮ್ಮ ಹೊಲದ ಹತ್ರಕ್ಕೇ ತರ್ತಿದ್ದೀರಲ್ಲ ಸರ್" ಎಂದು ಆಚೆಯ ರೈತರು ಕೇಳಿದ್ದು ನ್ಯಾಯವೇ. ಕೆಲಸ ಶುರುವಾಗುವ ಮೊದಲೇ ಅವರ ಹೊಲಗಳಲ್ಲಿ ಅಂತರ್ಜಲ ಅಳೆಯುವ ಕೊಳವೆ ಹಾಕಿಸಿ, ಲೆಕ್ಕವನ್ನು ಅವರ ಕೈಗೂ ಕೊಟ್ಟೆವು. ಒಡ್ಡಿನ ಹಿಂದೆ ಬಸಿಗಾಲುವೆಯನ್ನೂ ತೆಗೆದೆವು. ನನ್ನ ಮಾತಿಗಿಂತ ಆ ಕೊಳವೆಗಳ ಮೇಲೆ ಅವರಿಗೆ ನಂಬಿಕೆ ಜಾಸ್ತಿ.

ಗಿಡ ನೆಡಲು ಹೆಚ್ಚು ಖರ್ಚು ಮಾಡಲಿಲ್ಲ. ನೆರೆ ಇಳಿದು ಒದ್ದೆ ಮರಳು ಹೊರಗೆ ಕಂಡಾಗ ವಿಲ್ಲೋ ತಾನಾಗಿ ಹುಟ್ಟುತ್ತದೆ, ಬೇಡವಾದ ಕಡೆಯೂ. ಹುಲ್ಲಿನ ದಾರಿಯಲ್ಲಿ ದನ ಕುದುರೆ ಮೇಯಲು ಬಿಡುತ್ತೇವೆ. ಅವು ಎಳೆ ಚಿಗುರು ತಿನ್ನುತ್ತವೆ, ಬಲಿತದ್ದನ್ನು ಮುಟ್ಟುವುದಿಲ್ಲ. ಅದನ್ನು ಕಡಿಯಲೇಬೇಕು. ಇಡೀ ಬಯಲನ್ನು ಒಟ್ಟಿಗೆ ಬೋಳಿಸದೆ ತುಂಡು ತುಂಡಾಗಿ, ಸರದಿಯಲ್ಲಿ ಕಡಿಯುತ್ತೇವೆ. ಒಂದು ತುಂಡು ಬೋಳಾದಾಗ ಇನ್ನೊಂದರಲ್ಲಿ ಹಕ್ಕಿಗೆ ಗೂಡಿರುತ್ತದೆ. ಮರಿ ಹಾರಿದ ಮೇಲೆ, ನೆರೆ ಬರುವ ಮೊದಲು ಸಿಗುವ ದಿನಗಳು ಕಡಿಮೆ. ಯಾರು ಕಡಿಯಬೇಕು, ಯಾರು ಹಣ ಕೊಡಬೇಕು ಅನ್ನುವುದನ್ನು ಒಪ್ಪಂದದಲ್ಲಿ ಬರೆಸಿದ ಮೇಲೆಯೇ ಹಳೆಯ ಒಡ್ಡಿಗೆ ಜೆಸಿಬಿ ಇಳಿಸಿದ್ದು.